ಮೂರನೇ ದೀಪ

ಮಲ್ಲತ್ತಹಳ್ಳಿ ಕೆರೆ ಪಕ್ಕದ ರಕ್ತಪರೀಕ್ಷೆ ಲ್ಯಾಬಿನ ಬೀಗದ ಕೈ ಹನ್ನೊಂದು ವರ್ಷದಿಂದ ಆಯಾ ಇಂದ್ರಮ್ಮನ ಸೊಂಟದಲ್ಲಿತ್ತು. ಬೆಳಗ್ಗೆ ಏಳಕ್ಕೆ ಅವಳು ಶಟರ್ ಎತ್ತುವಷ್ಟರಲ್ಲಿ ಹೊರಗೆ ಸಕ್ಕರೆ ಕಾಯಿಲೆಯವರ ಸಾಲು. ರಾತ್ರಿಯಿಂದ ಏನೂ ತಿನ್ನದ ಹಿರಿಯರ ಬಾಯಿಗೆ ಸಿಕ್ಕರೆ ದೇವರೂ ಬಚಾವಾಗಲಾರ. ಇಂದ್ರಮ್ಮ ಮೊದಲು ವೈಫೈ ಡಬ್ಬಿಯ ಸ್ವಿಚ್ಚು ಹಾಕಿ, ಒಳಗೆ ಕದ್ದು ಕಾಫಿ ಕುಡಿದು, ಡಬ್ಬಿಯ ಮೂರನೇ ದೀಪ ಹಸಿರಾದ ಮೇಲೆಯೇ ಕಂಪ್ಯೂಟರ್ ಆನ್ ಮಾಡುತ್ತಿದ್ದಳು. ಆಮೇಲೆ ಟೆಕ್ನಿಷಿಯನ್ ರಂಜಿನಿ ಬಂದು, ಕಂಪ್ಯೂಟರಿನಿಂದ ಒಬ್ಬೊಬ್ಬರ ಹೆಸರಿನ ಸ್ಟಿಕ್ಕರ್ ತೆಗೆದು ಟ್ಯೂಬಿಗೆ ಅಂಟಿಸಿ ರಕ್ತ ಎಳೆಯುತ್ತಿದ್ದಳು.

ಚೆನ್ನಾಗಿ ನಡೆಯುತ್ತಿದ್ದದ್ದನ್ನು ನೋಡಿ ಮಾಲೀಕ ಮೋಹನ್ ಕುಮಾರನಿಗೆ ಸುಧಾರಣೆಯ ಹುಕಿ ಹತ್ತಿತು. ಆರೂಮುಕ್ಕಾಲಿಗೆ ಎಲ್ಲವೂ ತಾನಾಗಿ ಆನ್ ಆಗುವಂತೆ ಎಂಜಿನಿಯರ್ ಯಶ್ವಂತ್ ಕೈಲಿ ಮಾಡಿಸಿ, ಇಂದ್ರಮ್ಮನಿಗೆ ಬರುವ ತಿಂಗಳಿಂದ ನೆಲ ಒರೆಸೋಕೆ ಒಂಬತ್ತಕ್ಕೆ ಬಂದರೆ ಸಾಕು ಎಂದುಬಿಟ್ಟ. ಬೀಗದ ಕೈ ಹೋಗುತ್ತದಲ್ಲ ಎಂದು ಇಂದ್ರಮ್ಮನ ಹೊಟ್ಟೆ ಉರಿಯಿತು.

ಮೊದಲ ದಿನವೇ ಎಡವಟ್ಟು. ಕಂಪ್ಯೂಟರ್ ಅರ್ಧ ನಿಮಿಷಕ್ಕೆ ಎದ್ದಿತು, ಡಬ್ಬಿಗೆ ಮೂರು ನಿಮಿಷ ಬೇಕು. ಸ್ಟಿಕ್ಕರ್ ಪ್ರೋಗ್ರಾಮ್ ಕಣ್ಣುಬಿಟ್ಟು, ನೆಟ್ ಇಲ್ಲದ್ದನ್ನು ನೋಡಿ ಮಕಾಡೆ ಮಲಗಿತು; ನೆಟ್ ಬಂದರೂ ಏಳಲಿಲ್ಲ. ನೆಟ್‌ವರ್ಕ್ ಸಿದ್ಧವಾಗುವವರೆಗೆ ಕಾಯಬೇಕೆಂದು ಯಶ್ವಂತ್ ಅದಕ್ಕೆ ಬರೆದಿಟ್ಟ. ಮರುದಿನವೂ ಮಲಗಿತು. ಕಾರಣ ಗೊತ್ತಿದ್ದ ಇಂದ್ರಮ್ಮ ಬಾಯಿ ಬಿಡದೆ ಒಳಗೊಳಗೇ ಖುಷಿಪಟ್ಟಳು.

ಮೂರನೇ ದಿನವೂ ಸ್ಟಿಕ್ಕರ್ ಬರದೆ ಖಾಲಿ ಹೊಟ್ಟೆಯಲ್ಲಿ ಕಾಯುತ್ತಿದ್ದ, ಅರ್ಧ ಊರಿನ ಸೈಟುಗಳ ಯಜಮಾನ ದೊಡ್ಡಹನುಮಯ್ಯ ಬೈಯುತ್ತ ಬೈಯುತ್ತಲೇ ಬೆವೆತು ಬೆಂಚಿನ ಮೇಲೆ ಕುಸಿದರು. ಇಂದ್ರಮ್ಮ ಸಕ್ಕರೆ ಹಾಕಿದ ತನ್ನ ಕಾಫಿಯನ್ನೇ ಕುಡಿಸಿದಳು. ಅವರು ಚೇತರಿಸಿಕೊಂಡು ಬೈಗುಳ ಮುಂದುವರಿಸಿದರು. ಅವಳಿಗೆ ಮಾತ್ರ ತನ್ನ ಮೇಲೇ ಹೇಸಿಗೆಯಾಯಿತು. ಯಶ್ವಂತನನ್ನು ಕರೆದು ಡಬ್ಬಿಯ ಮುಂದೆ ನಿಲ್ಲಿಸಿದಳು.

“ನೀನು ಮೊದಲನೇ ದೀಪಕ್ಕೇ ಎಬ್ಬಿಸ್ತಾ ಇದೀಯ ಕಣಪ್ಪ. ಅದು ಬರೀ ವೈರು ಸಿಕ್ಕಿಸಿದಾರೆ ಅಂತ ಹೇಳತ್ತೆ. ಮೂರನೇದು ಬಂದ್ಮೇಲೇನೇ ಆ ಕಡೆ ನೆಟ್ ಕೊಡೋರು ಮಾತಾಡೋದು.”

ಯಶ್ವಂತ್ ತಲೆ ಕೆರೆದುಕೊಂಡು, ಆ ಕಡೆಯಿಂದ ಉತ್ತರ ಬರುವವರೆಗೆ ಪ್ರೋಗ್ರಾಮ್ ಏಳದಂತೆ ಮಾಡಿದ. ಸರಿಹೋಯಿತು. ನನ್ನ ಅನ್ನಕ್ಕೆ ನಾನೇ ಕಲ್ಲು ಹಾಕಿಕೊಂಡೆ ಎಂದುಕೊಳ್ಳುತ್ತ ಇಂದ್ರಮ್ಮ ಮನೆಗೆ ನಡೆದಳು.

ಒಂದನೇ ತಾರೀಖು ಆರೂಮುಕ್ಕಾಲಿಗೆ ಎಲ್ಲವೂ ತಾನಾಗಿ ಎದ್ದು ಸಿದ್ಧವಾಯಿತು, ಒಳಗೆ. ಹೊರಗೆ ರಂಜಿನಿ, ಹನ್ನೆರಡು ಖಾಲಿ ಹೊಟ್ಟೆಗಳು, ಬೀಗ ಹಾಕಿದ ಶಟರ್. ಅದನ್ನು ಎತ್ತುವವರು ಯಾರು ಎನ್ನುವುದು ಸುಧಾರಣೆಯ ಸಂಭ್ರಮದಲ್ಲಿ ಯಾರಿಗೂ ಹೊಳೆದಿರಲಿಲ್ಲ; ಇಂದ್ರಮ್ಮನಿಂದ ಬೀಗದ ಕೈಯನ್ನೂ ಯಾರೂ ವಾಪಸ್ ಕೇಳಿರಲಿಲ್ಲ. ಏಳೂ ಹತ್ತಕ್ಕೆ ಮೋಹನ್ ಕುಮಾರ್ ಶಟರ್ ಮುಂದೆ ನಿಂತು ಫೋನಿನಲ್ಲಿ ಗೋಗರೆದ.

“ಒಂಬತ್ತಕ್ಕೆ ಅಂದಿದ್ರಲ್ಲ ಸಾರ್,” ಎಂದಳು ಇಂದ್ರಮ್ಮ.

ಆ ಕಡೆಯಿಂದ ದೊಡ್ಡಹನುಮಯ್ಯನವರ ಬೈಗುಳ ಸ್ಪಷ್ಟವಾಗಿ ಕೇಳುತ್ತಿತ್ತು. ಇನ್ನು ಮೇಲೂ ಏಳಕ್ಕೆ ನೀವೇ ಬನ್ನಿ ಎಂದು ಮೋಹನ್ ಕುಮಾರ್ ಎರಡೆರಡು ಸಲ ಹೇಳಿದ. ಆರೂವರೆಯಿಂದ ಬೀದಿಯ ತಿರುವಿನಲ್ಲೇ ನಿಂತಿದ್ದ ಇಂದ್ರಮ್ಮ ಸೊಂಟದ ಬೀಗದ ಕೈ ತೆಗೆದುಕೊಂಡು ಹೊರಟಳು.