ಅತ್ತೆಯ ಮಶೇರಿ, ಅತ್ತೆಯ ಹಲ್ಲು

ನಿಂಬರ್ಗಾದ ನಮ್ಮತ್ತೆ ಗುರಮ್ಮನ ಕಡಕ್ ರೊಟ್ಟಿಗೆ ಆಳಂದದಿಂದಲೂ ಗಿರಾಕಿಗಳು ಬರುತ್ತಾರೆ. ಜೋಳದ ರೊಟ್ಟಿ ಬಡಿದು ಒಣಗಿಸಿಡುವುದು ನಮ್ಮ ಕಡೆ ಎಲ್ಲ ಹೆಂಗಸರಿಗೂ ಬರುವ ಕೆಲಸವೇ. ಆದರೆ ಅತ್ತೆ ಗಿರಾಕಿಯ ಎದುರಿಗೇ ಒಂದು ರೊಟ್ಟಿ ಎತ್ತಿ, ಮುಂದಿನ ಹಲ್ಲಿನಿಂದ ಕಟಕ್ಕನೆ ಕಡಿದು ನೋಡುವಳು. ಸಪ್ಪಳ ಸರಿಯಿದ್ದರೆ ಕಟ್ಟಿ ಕೊಡುವಳು. ಇಲ್ಲವಾದರೆ, "ಇವತ್ತಿಂದು ಮೆತ್ತಗಾಗ್ಯದ, ನಾಳೆ ಬರ್ರಿ" ಅಂತ ಮುಖಕ್ಕೆ ಹೇಳಿ ಕಳಿಸುವಳು. ಜನ ರೊಟ್ಟಿಗೆ ಎಷ್ಟು ಬರುತ್ತಿದ್ದರೋ ಅವಳ ಬಾಯಿಗೂ ಅಷ್ಟೇ ಬರುತ್ತಿದ್ದರು.

ಹೋದ ವರ್ಷ ಆ ಬಾಯಿಯ ಮೇಲಿನ ಎರಡು ಮುಂದಿನ ಹಲ್ಲು ಹೋದವು. ಒಂದು ತಾನೇ ಉದುರಿತು, ಇನ್ನೊಂದನ್ನು ಕೀಳಿಸಬೇಕಾಯಿತು. ಅವತ್ತಿನಿಂದ ಅತ್ತೆ ಬಾಯಿಗೆ ಸೆರಗು ಅಡ್ಡ ಹಿಡಿದಳು. ನಗು ನಿಂತಿತು, ಗಿರಾಕಿ ಬಂದರೆ ಒಳಗೆ ಸರಿಯುವಳು. ಅವಳ ಬದಲು ನಾನು ರೊಟ್ಟಿ ಕಡಿದು ತೋರಿಸಿದರೆ, "ಬಸವೇಶ್ವರಿ, ನಿಮ್ಮತ್ತಿ ಕಡದಂಗ ಆಗಂಗಿಲ್ಲ ಬಿಡವ್ವಾ" ಅನ್ನುವರು. ಒಂದು ಮಧ್ಯಾಹ್ನ ಹಿಟ್ಟಿನ ಡಬ್ಬಿಗಳ ಹಿಂದೆ ಕೂತು ಅವಳು ಅಳುತ್ತಿದ್ದುದನ್ನು ನೋಡಿದೆ. ನನಗೆ ತಡೆಯಲಾಗಲಿಲ್ಲ. ಎದೆ ನಡುಗುವಂತೆ ಬೈಯುವ ಅತ್ತೆ ಬೇಕು ನನಗೆ, ಸೆರಗಿನ ಹಿಂದೆ ಅಳುವವಳಲ್ಲ.

ಕಲಬುರಗಿಗೆ, ಹಲ್ಲಿನ ಡಾಕ್ಟರ್ ಅನುರಾಧಾ ಅವರ ಹತ್ತಿರ ಕರೆದುಕೊಂಡು ಹೋದೆ. ತೆಗೆದಿಡುವ ಹಲ್ಲಿನ ಸೆಟ್ಟು ಕಡಕ್ ರೊಟ್ಟಿಗೆ ತಡೆಯುವುದಿಲ್ಲ, ಎಲುಬಿನಲ್ಲೇ ಸಣ್ಣ ಸ್ಕ್ರೂ ಕೂಡಿಸಿ, ಅದು ಗಟ್ಟಿಯಾದ ಮೇಲೆ ಹಲ್ಲು ಹಾಕೋಣ ಅಂದರು.

"ಅಮ್ಮಾ, ತಂಬಾಕು, ಗುಟಕಾ ಏನರೆ ಅದ ಏನ್ರಿ?"

"ಶಿವಶಿವಾ! ಲಿಂಗ ಕಟ್ಟಿದ ಮೈರಿ ಇದು. ನಮ್ಮ ಮನ್ಯಾಗ ತಂಬಾಕದ ಹೆಸರೂ ಎತ್ತಂಗಿಲ್ಲ" ಅಂದಳು ಅತ್ತೆ. ನಾನೂ ಹೌದೆಂದು ತಲೆ ಆಡಿಸಿದೆ.

ಸುಳ್ಳು ಹೇಳಿದೆವು ಅನ್ನಬೇಡಿ. ನಮ್ಮೂರ ಲೆಕ್ಕದಲ್ಲಿ ತಂಬಾಕು ಅಂದರೆ ಗಂಡಸರು ಸುಣ್ಣ ಹಚ್ಚಿ ದವಡೆಗೆ ಇಟ್ಟುಕೊಳ್ಳುವುದು. ಹೆಂಗಸರದು ಮಶೇರಿ. ಅದೇ ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕರ್ರಗೆ ಹುರಿದು ಪುಡಿ ಮಾಡಿದರೆ ಅದು ಮಶೇರಿ, ಅಂದರೆ ಹಲ್ಲುಪುಡಿ! ಬೆಳಗಾದರೆ ಪೀರಸಾಬನ ಮನೆಯ ಕಟ್ಟೆಯ ಮೇಲೆ ಓಣಿಯ ಹೆಂಗಸರೆಲ್ಲ ಅದನ್ನು ತಿಕ್ಕುತ್ತ ಕೂರುತ್ತಾರೆ. ಅವನ ಹೆಂಡತಿ ಮೆಹಬೂಬಿ ಅತ್ತೆಯ ಜೀವದ ಗೆಳತಿ, ಮಶೇರಿ ಹುರಿಯುವವಳೂ ಅವಳೇ. ಊರ ಸುದ್ದಿಯೆಲ್ಲ ಹದವಾಗುವುದು ಆ ಕಟ್ಟೆಯ ಮೇಲೆ.

ಸ್ಕ್ರೂ ಕೂಡಿಸಿ ಕಳಿಸುವಾಗ ಡಾಕ್ಟರು, "ಬಾಯಿ ಬಾಳ ಸ್ವಚ್ಛ ಇಟ್ಕೋರಿ" ಅಂದಿದ್ದರು. ಮುಂದಿನ ಸಲ ಹೋದಾಗ ನೋಡಿದರೆ ಎರಡೂ ಸ್ಕ್ರೂ ಸಡಿಲು, ವಸಡು ಕೆಂಪಗೆ ಬಾತಿದೆ.

"ಸ್ವಚ್ಛ ಇಟ್ಟಿದ್ರಿಲ್ರಿ ಅಮ್ಮಾ?"

"ಇಡಲಾರದ ಏನ್ರಿ? ಮೊದಲು ಮುಂಜಾನಿ ಅಷ್ಟೇ ಇತ್ತು. ನೀವು ಹೇಳಿದಾಗಿಂದ ಮೂರು ಹೊತ್ತೂ ಮಶೇರಿ ತಿಕ್ಕಾಕತ್ತೇನಿ!" ಅಂತ ಅತ್ತೆ ಎದೆ ಎತ್ತಿ ಹೇಳಿದಳು.

ಡಾಕ್ಟರು ಕೈಯಲ್ಲಿದ್ದ ಕನ್ನಡಿ ಕೆಳಗಿಟ್ಟರು. ಬೈಯಲಿಲ್ಲ. ಅದೂ ತಂಬಾಕೇ, ಹಲ್ಲು ಉದುರಿಸಿದ್ದೂ ಅದೇ ಅಂತ ಬಿಡಿಸಿ ಹೇಳಿದರು. ಸ್ಕ್ರೂ ತೆಗೆದು, ವಸಡು ವಾಸಿಯಾದ ಮೇಲೆ ಇನ್ನೊಮ್ಮೆ ಕೂಡಿಸಬಹುದು. "ಮತ್ತ ಸಡಿಲಾದರ ಸ್ಕ್ರೂ ಹಿಡಿಯಾಕ ಎಲುಬು ಉಳಿಯಂಗಿಲ್ಲ. ಆಮ್ಯಾಲ ನನ್ನ ಕೈಯಾಗ ಏನೂ ಇಲ್ರಿ" ಅಂದರು.

ಮನೆಗೆ ಬಂದವಳೇ ಅತ್ತೆ ಮಶೇರಿ ಡಬ್ಬಿಯನ್ನು ಒಲೆಗೆ ಹಾಕಿದಳು. ಓಣಿಗೆಲ್ಲ ಘಾಟು ಎದ್ದು ಎಲ್ಲರೂ ಕೆಮ್ಮಿದರು. ನನ್ನ ಗಂಡ ಕಲ್ಲಿನಾಥ, "ಹುಟ್ಟುಗುಣ ಸುಟ್ಟರೂ ಹೋಗಂಗಿಲ್ಲ, ನೋಡ್ತಿರು" ಅಂತ ನಕ್ಕ.

ಅವನ ಮಾತು ನಿಜವಾಗುತ್ತದೇನೋ ಅಂತ ನನಗೂ ಹೆದರಿಕೆ ಇತ್ತು. ಅತ್ತೆಗೆ ತಲೆನೋವು, ಸಿಡುಕು. ಬಾಯಿಗೆ ಲವಂಗ ಹಾಕಿಕೊಂಡು ಓಡಾಡುವಳು, ಹಿಟ್ಟು ನಾದುತ್ತ ಪರಾತವನ್ನೇ ಗುದ್ದುವಳು. ಎರಡನೇ ಸಲ ಸ್ಕ್ರೂ ಕೂಡಿಸಿದ ಮೇಲಂತೂ ಅವಳು ಕಟ್ಟೆಗೆ ಹೊರಟರೆ ನನ್ನ ಜೀವ ಕೈಯಲ್ಲಿ. ಒಂದು ದಿನ ನಿದ್ದೆ ಹೋಗಿದ್ದಾಳೆಂದು ಮೆಲ್ಲಗೆ ಅವಳ ಬೆರಳು ಮೂಸಿದೆ. ಥಟ್ಟನೆ ಕಣ್ಣು ಬಿಟ್ಟಳು.

"ಕೈ ಮೂಸ್ತೀಯೇನಬೇ? ನಾ ಕಳ್ಳಿ ಅದೀನೇನು? ನಾಚಿಕಿಲ್ಲದಾಕಿ!"

"ತಪ್ಪಾತ್ರಿ ಅತ್ತೀ" ಅಂದೆ. ಬೈಗುಳ ಕೇಳಿ ಅಷ್ಟು ಖುಷಿ ನನಗೆ ಯಾವತ್ತೂ ಆಗಿರಲಿಲ್ಲ.

ಸ್ಕ್ರೂ ಈ ಸಲ ಎಲುಬಿಗೆ ಕಚ್ಚಿಕೊಂಡಿತು. ಮೊನ್ನೆ ಡಾಕ್ಟರು ಅದರ ಮೇಲೆ ಹಲ್ಲು ಕೂಡಿಸಿ, "ಇನ್ನ ರೊಟ್ಟಿ ತಿನ್ರಿ. ಮಶೇರಿ ಮಾತ್ರ ಸಾಯೂ ತನಕ ಬ್ಯಾಡ" ಅಂದರು. ಅತ್ತೆ ಕನ್ನಡಿ ಹಿಡಿದು ತನ್ನನ್ನೇ ನೋಡಿಕೊಂಡಳು. ಆಮೇಲೆ ನನ್ನ ಹೆಗಲಿಗೆ ಮುಖ ಒತ್ತಿ ಅತ್ತಳು, ನಾನೂ ಅತ್ತುಬಿಟ್ಟೆ.

ಮರುದಿನ ಅವಳ ಹಿಂದೆಯೇ ಕಟ್ಟೆಗೆ ಹೋದೆ. ಅವಳು ಎಲ್ಲರ ನಡುವೆ ಕೂತು ಬಾಯಿ ತುಂಬ ನಕ್ಕಳು. ಹೆಂಗಸರು "ಯವ್ವಾ ಯವ್ವಾ" ಅಂತ ಮುಗಿಬಿದ್ದರು. ಮೆಹಬೂಬಿ ಹಳೇ ಪ್ರೀತಿಯಿಂದ ಡಬ್ಬಿ ಮುಂದೆ ಹಿಡಿದಳು.

"ಹಲ್ಲು ಗಟ್ಟಿ ಕೂತ್ವಲ್ಲ ಗುರವ್ವಾ, ಇನ್ನೇನು? ಒಂದು ಬಟ್ಟು ಹಚ್ಚು."

ಅತ್ತೆಯ ಕೈ ಡಬ್ಬಿಯವರೆಗೆ ಹೋಯಿತು. ಅವಳು ಮುಚ್ಚಳ ಹಾಕಿ ಡಬ್ಬಿಯನ್ನು ಗೆಳತಿಯ ಮಡಿಲಲ್ಲಿಟ್ಟಳು.

"ಬ್ಯಾಡಬೇ ಮೆಹಬೂಬಿ. ದೇವರು ಪುಕ್ಕಟ ಕೊಟ್ಟಿದ್ದ, ಕಿಮ್ಮತ್ತು ತಿಳೀಲಿಲ್ಲ, ಕಳಕೊಂಡೆ. ಇವು ಒಲಿ ಮುಂದ ಕುಂತು ರೊಟ್ಟಿ ಬಡದು ಗಳಿಸಿದ ಹಲ್ಲು."

ಮೆಹಬೂಬಿ ಆ ಎರಡು ಹಲ್ಲನ್ನೇ ನೋಡುತ್ತ ಕೂತಳು. ತನ್ನ ಅಲುಗುವ ಹಲ್ಲನ್ನು ನಾಲಿಗೆಯಿಂದ ಒತ್ತಿ ನೋಡಿಕೊಂಡಳು. ಆಮೇಲೆ ಎದ್ದು ಹೋಗಿ, ಬಾಯಲ್ಲಿದ್ದುದನ್ನು ಉಗುಳಿ, ಎರಡು ಸಲ ಬಾಯಿ ಮುಕ್ಕಳಿಸಿ ಬಂದಳು.

"ಆ ಡಾಕ್ಟರಮ್ಮ ಯಾವ ವಾರ ಇರ್ತಾಳ?" ಅಂದಳು.