ಹನ್ನೊಂದನೆಯದರಲ್ಲಿ ಜಾಗವಿರಲಿಲ್ಲ

ಆಗ ನನಗೆ ಇಪ್ಪತ್ನಾಲ್ಕು. ಬೆಳಗಾವಿಯಿಂದ ದಿನಾ ಬಸ್ಸು ಹತ್ತಿ ಖಾನಾಪುರಕ್ಕೆ ಹೋಗಿ, ಅಲ್ಲಿನ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುತ್ತಿದ್ದೆ. ಕ್ಲಾಸು ನಡೆಸುತ್ತಿದ್ದವರು ನಿವೃತ್ತ ಶಿಕ್ಷಕಿ, ಊರಿಗೆಲ್ಲ ಅಕ್ಕೋರು. ಖಾನಾಪುರದ ಕುಂಬಾರರು ಮಣ್ಣು, ತಿಗರಿ, ಆವಿಗೆಗಳ ಬಗ್ಗೆ ಆಡುವ ಮಾತುಗಳನ್ನು ಕನ್ನಡದಲ್ಲೂ ಮರಾಠಿಯಲ್ಲೂ ಕೇಳಿಕೊಂಡು ಬಂದು, ಎರಡು ವರ್ಷದಿಂದ ತಮ್ಮ ಆಫೀಸಿನ ಕಂಪ್ಯೂಟರಿನಲ್ಲಿ ಟೈಪು ಮಾಡಿಡುತ್ತಿದ್ದರು. ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ. ಆ ಕಂಪ್ಯೂಟರಿಗೆ ‘ಮುಟ್ಟಬ್ಯಾಡ್ರಿ’ ಎಂಬ ಚೀಟಿ ಅಂಟಿಸಿದ್ದರು.

ಆ ವರ್ಷ ನಾನೊಂದು ಹೊಸ ವಿದ್ಯೆ ಕಲಿತಿದ್ದೆ. ಕ್ಲಾಸಿನ ಹತ್ತು ಕಂಪ್ಯೂಟರುಗಳಿಗೆ ಹೊಸ ಲಿನಕ್ಸ್ ಹಾಕಬೇಕಿತ್ತು. ಒಂದೊಂದರ ಮುಂದೆಯೂ ಕೂತು ಅದು ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಬದಲು, ಉತ್ತರಗಳನ್ನೆಲ್ಲ ಮೊದಲೇ ಒಂದು ಫೈಲಿನಲ್ಲಿ ಬರೆದು ಫ್ಲಾಪಿಗೆ ಹಾಕುವುದು. ಉಳಿದದ್ದು ಸರ್ವರಿನಿಂದ ಕೇಬಲ್ಲಿನೊಳಗೆ ತಾನಾಗಿಯೇ ಹರಿದು ಬರುತ್ತದೆ. ಹಾರ್ಡ್ ಡಿಸ್ಕನ್ನು ಹೇಗೆ ಪಾಲು ಮಾಡಬೇಕೆಂಬುದೂ ಅದರಲ್ಲೇ ಇತ್ತು: ಹಳೆಯ ಲಿನಕ್ಸಿನ ಪಾಲುಗಳನ್ನು ಅಳಿಸು, ಖಾಲಿಯಾದ ಜಾಗದಲ್ಲಿ ಹೊಸದಾಗಿ ಮೂರು ಪಾಲು ಮಾಡು. ನನಗೋ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಅದಕ್ಕೆ ಮುಹೂರ್ತ ಖಂಡೇ ಪೂಜೆಯ, ಅಂದರೆ ಆಯುಧಪೂಜೆಯ ದಿನ. ಅಕ್ಕೋರು ಬೆಳಿಗ್ಗೆಯೇ ಎಲ್ಲ ಕಂಪ್ಯೂಟರುಗಳಿಗೂ ಅರಿಶಿನ ಕುಂಕುಮ ಹಚ್ಚಿ ಚೆಂಡುಹೂವಿನ ಮಾಲೆ ಹಾಕಿದ್ದರು. ಪೂಜೆಯ ದಿನ ಅದೊಂದೇ ಯಾಕೆ ಆಫೀಸಿನಲ್ಲಿ ಒಂಟಿಯಾಗಿ ಕೂರಬೇಕೆಂದು ತಮ್ಮದನ್ನೂ ತಂದು ಸಾಲಿನ ಕೊನೆಗಿಟ್ಟು, ಅದಕ್ಕೂ ಮಾಲೆ ಹಾಕಿ, ಪೆಢೆ ತರಲು ಹೋಗಿದ್ದರು. ಚೀಟಿ ಮಾಲೆಯಡಿ ಮುಚ್ಚಿಹೋಗಿತ್ತು.

ನಾನು ಬಂದವನೇ ಎಣಿಸಲಿಲ್ಲ, ನೋಡಲಿಲ್ಲ. ಸಾಲಿನಲ್ಲಿದ್ದವಕ್ಕೆಲ್ಲ ಕೇಬಲ್ ಸಿಕ್ಕಿಸಿ, ಒಂದಾದ ಮೇಲೊಂದಕ್ಕೆ ಫ್ಲಾಪಿ ತೂರಿಸುತ್ತ ಹೋದೆ. ಪರದೆಗಳ ಮೇಲೆ ಪಟ್ಟಿಗಳು ಬೆಳೆಯತೊಡಗಿದವು. ಯಾರೂ ಮುಟ್ಟದೆ! ಕುರ್ಚಿ ಬಾಜೂಕ್ಕೆ ತಳ್ಳಿ ಕುಣಿದೆ. ಖರೇ ಹೇಳುತ್ತೇನೆ, ಒಬ್ಬನೇ ಕುಣಿದೆ.

ಕೊನೆಯದು ಮಾತ್ರ ನಿಂತುಬಿಟ್ಟಿತ್ತು. ಹೊಸ ಪಾಲು ಮಾಡಲು ಜಾಗವಿಲ್ಲವಂತೆ. ಮೂಗಿನ ತುದಿಯಲ್ಲೇ ಸಿಟ್ಟು ನನಗೆ. ಫ್ಲಾಪಿ ಕಿತ್ತು, ಫೈಲಿನ ಆ ಸಾಲನ್ನು ‘ಇರುವ ಪಾಲನ್ನೆಲ್ಲ ಅಳಿಸು’ ಎಂದು ತಿದ್ದಿ, ಮತ್ತೆ ತೂರಿಸಿ, ರೀಸ್ಟಾರ್ಟ್ ಗುಂಡಿಗೆ ಬೆರಳು ಒಯ್ದೆ. ಅಷ್ಟರಲ್ಲಿ ಪೆಢೆಯ ಡಬ್ಬಿ ಹಿಡಿದು ಅಕ್ಕೋರು ಬಂದರು.

“ಎಷ್ಟ ಚಂದ ಓಡಾಕತ್ತಾವಲ್ಲೋ ತಮ್ಮಾ! ಇದ್ಯಾಕ ನಿಂತೈತಿ?”

“ಇದೊಂದು ಮೊಂಡ ಐತ್ರಿ ಅಕ್ಕೋರ. ಜಾಗಾ ಇಲ್ಲ ಅಂತೈತಿ. ಈಗ ಎಲ್ಲಾ ಅಳಿಸಿಬಿಡ್ತೀನ್ರಿ.”

ಅವರು ಮಾಲೆ ಸರಿಸಿದರು. ಚೀಟಿ ಕಂಡಿತು. ನನ್ನ ಬೆರಳು ಇನ್ನೂ ಗುಂಡಿಯ ಮೇಲೆಯೇ ಇತ್ತು. ಅಕ್ಕೋರು ಮೆಲ್ಲಗೆ ನನ್ನ ಕೈ ಸರಿಸಿ, ಫ್ಲಾಪಿ ಹೊರತೆಗೆದು, ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

“ಜಾಗಾ ಇಲ್ಲ ಅಂದ್ರ ಒಳಗ ಯಾರೋ ಕುಂತಾರಂತ ಅರ್ಥ. ಯಾರದೀರಿ ಅಂತ ಮೊದಲ ಕೇಳಬೇಕಲ್ಲೋ!”

ಕಂಪ್ಯೂಟರ್ ಚಾಲೂ ಮಾಡಿದೆವು. ಕುಂಬಾರರ ಮಾತುಗಳು ಒಂದೂ ಬಿಡದೆ ಇದ್ದವು; ಅದರಲ್ಲಿ ಲಿನಕ್ಸೇ ಇರದಿದ್ದರಿಂದ ನನ್ನ ಮೊದಲ ಫೈಲಿಗೆ ಅಳಿಸಲು ಏನೂ ಸಿಕ್ಕಿರಲಿಲ್ಲ. ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ನನ್ನ ಕಣ್ಣಲ್ಲಿ ನೀರೂ ಬಂತು. ಪೆಢೆ ಬಾಯಿಗಿಡುವ ಮೊದಲು ಆ ಫ್ಲಾಪಿಯನ್ನು ಬೇಡಿ ಇಸಿದುಕೊಂಡೆ. ಅದರಲ್ಲಿದ್ದ ನನ್ನ ಫೈಲನ್ನು ಅಳಿಸಿ, ಆ ಜಾಗಕ್ಕೆ ಅಕ್ಕೋರ ಎರಡು ವರ್ಷವನ್ನು ಇಳಿಸಿ ಅವರ ಕೈಗೆ ಕೊಟ್ಟೆ.