ಬೀಗರು ಬಂದ ದಿನದ ನೀರು

೧೯೪೬ನೆಯ ಇಸವಿ, ಯುಗಾದಿ ಮುಗಿದು ವಾರವಾಗಿತ್ತು. ಗುರುವಾರ, ಬೆಳಗಿನ ಹತ್ತು ಗಂಟೆ. ವಿಜಾಪುರದ ಸ್ಟೇಷನ್ ರಸ್ತೆಯ ಹಿಂದಿನ ಓಣಿಯಲ್ಲಿ ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ಮನೆಯಲ್ಲಿ ಇದ್ದವರು ಅತ್ತೆ, ನನ್ನ ಗಂಡ, ಮೈದುನ ಮತ್ತು ನಾನು. ಟಿಕೋಟದಿಂದ ಚಕ್ಕಡಿ ಹೂಡಿಕೊಂಡು ಬಂದವರು ಇಬ್ಬರು: ಮೈದುನನಿಗೆ ತರಬೇಕೆಂದಿದ್ದ ಹುಡುಗಿಯ ಅಜ್ಜಿ ಮತ್ತು ಸೋದರಮಾವ. ಹುಡುಗಿಯನ್ನು ನಾವು ನೋಡಿ ಒಪ್ಪಿಯಾಗಿತ್ತು. ಇನ್ನು ಅವರು ನಮ್ಮ ಮನೆ ನೋಡುವುದು ಬಾಕಿ.

ಮನೆ ನೋಡಲು ಬಂದವರು ಒಪ್ಪಿಗೆಯಾದರೆ ಮಾತ್ರ ಊಟಕ್ಕೆ ಕೂಡಬೇಕೆಂಬುದು ನಮ್ಮ ಪದ್ಧತಿ. ಮನಸ್ಸು ಬಾರದಿದ್ದರೆ "ದಾರಿ ದೂರ ಐತ್ರಿ" ಎಂದು ಎದ್ದುಬಿಡುತ್ತಾರೆ. ಹಿಂದಿನ ವರ್ಷ ಎರಡು ಮನೆಯವರು ಹಾಗೆ ಎದ್ದು ಹೋಗಿದ್ದರು. ಮೈದುನನೋ ಅರಿವೆ ಅಂಗಡಿಯಲ್ಲಿ ಬಟ್ಟೆ ಅಳೆದು ದುಡಿಯುವ, ಯಾವ ಕೆಟ್ಟ ಚಟವೂ ಇಲ್ಲದ ಹುಡುಗ. ಮೂರನೆಯವರೂ ಎದ್ದರೆ ಅವನಲ್ಲಿಯೇ ಏನೋ ಕೊರತೆಯಿದೆ ಎಂದು ಜನ ಮಾತಾಡುತ್ತಾರೆ ಎಂಬ ಹೆದರಿಕೆಗೆ ಅತ್ತೆ ಎರಡು ದಿನದಿಂದ ಸರಿಯಾಗಿ ಉಂಡಿರಲಿಲ್ಲ.

ವಿಜಾಪುರವೆಂದರೆ ಹಳ್ಳಿಯವರ ಕಣ್ಣಲ್ಲಿ ಬೇರೆಯೇ ಲೋಕ. ನನ್ನ ತವರು ಬಬಲೇಶ್ವರದಲ್ಲಿ ನಮ್ಮ ಕಟ್ಟೆಯ ಮೇಲೆ ಕೂತು ನಾನೂ ನಂಬಿದ್ದೆ: ಗುಂಡಿ ಒತ್ತಿದರೆ ದೀಪ, ತಿರುವಿದರೆ ನೀರು, ಸಂಜೆ ಟಾಂಗಾ ಹತ್ತಿ ಗೋಳಗುಮ್ಮಟದ ಕಡೆ ತಿರುಗಾಟ. ಮದುವೆಯಾಗಿ ಬಂದ ಮೇಲೆ ಸಿಕ್ಕಿದ್ದು ಚಿಮಣಿ ದೀಪ, ಅದಕ್ಕೂ ರೇಶನ್ನಿನ ಎಣ್ಣೆ. ನಳವೇನೋ ಇತ್ತು, ಮಾಲಕರ ಅಂಗಳದಲ್ಲಿ. ಬೇಸಿಗೆಯಲ್ಲಿ ನಸುಕಿಗೆ ಸ್ವಲ್ಪ ಹೊತ್ತು ದಾರದಂತೆ ಸುರಿಯುತ್ತಿತ್ತು. ಆ ದಿನ ಅದೂ ಬಂದಿರಲಿಲ್ಲ. ನಾನು ಕತ್ತಲಿರುವಾಗಲೇ ಬಾವಡಿಗೆ, ಓಣಿಯಾಚೆಯ ಮೆಟ್ಟಿಲುಬಾವಿಗೆ ಹೋಗಿ, ಇಳಿದು ತುಂಬಿ ತಂದಿದ್ದೆ. ಅತ್ತೆಯ ಶಿಸ್ತು ಕಟ್ಟುನಿಟ್ಟು. ಕುಡಿಯುವ ಕೊಡ ಒಲೆಯ ಬಲಕ್ಕೆ, ಅಡುಗೆಯ ಕೊಡ ಎಡಕ್ಕೆ, ಕೈಕಾಲಿನದು ಹೊರಗೆ. ಒಂದರ ನೀರು ಇನ್ನೊಂದಕ್ಕೆ ಮುಟ್ಟುವಂತಿರಲಿಲ್ಲ.

ಬೀಗರು ಬಂದಾಗ ನಾನು ಹೋಳಿಗೆಯ ಬೇಳೆಗೆ ಎಸರಿಟ್ಟು ಬೆಲ್ಲ ಕುಟ್ಟಲು ಒಳಕೋಣೆಗೆ ಹೋಗಿದ್ದೆ. ಸೋದರಮಾವ ಎತ್ತು ಬಿಚ್ಚಿದ. ಮೊದಲು ಎತ್ತು, ಆಮೇಲೆ ಮನುಷ್ಯರು. ಒಕ್ಕಲುತನದವರಿಗೆ ಅದು ಹೇಳಿಕೊಡಬೇಕಾದ ಮಾತಲ್ಲ. ಹೊರಗಿನ ಕೊಡ ಸಾಲಲಿಲ್ಲ. ಅವನು ಹಿತ್ತಲ ಬಾಗಿಲಿನಿಂದ ಬಂದು ಒಲೆಯ ಎರಡೂ ಬದಿಯ ಕೊಡಗಳನ್ನು ಎತ್ತಿಕೊಂಡು ಹೋಗಿ ಎತ್ತುಗಳ ಮುಂದೆ ಬರಿದು ಮಾಡಿ ತಂದಿಟ್ಟ.

"ತಂಗೀ, ನಳಾ ತಿರುವಿ ತುಂಬಿಸ್ಕೋವಾ. ನಿಮಗೇನು, ಕುಂತಲ್ಲೇ ಗಂಗವ್ವ ಬರ್ತಾಳ," ಎಂದು ನಕ್ಕ.

ಬೆಲ್ಲದ ಕೈಯಲ್ಲೇ ಕೊಡಗಳಲ್ಲಿ ಇಣುಕಿದೆ, ಹನಿಯೂ ಇರಲಿಲ್ಲ. ನೀರಿಲ್ಲವೆಂದು ಬೀಗರ ಮುಂದೆ ಹೇಳುವುದು ಹೇಗೆ? ಹೇಳದಿದ್ದರೆ ಅಡುಗೆ ಹೇಗೆ? ಅತ್ತೆ ನನ್ನನ್ನು ಮೂಲೆಗೆ ಎಳೆದರು. "ಹಿತ್ತಲ ಹಿಡದು ಬಾವಡಿಗೆ ಓಡು. ಕೊಡಕ್ಕ ಸೆರಗು ಮುಚ್ಚು. ಆ ಅಜ್ಜಿ ಕಣ್ಣಿಗೆ ಬಿದ್ದಿ ಅಂದ್ರ ಮುಗೀತು ನೋಡು."

ಹಿತ್ತಲು ದಾಟುವಷ್ಟರಲ್ಲಿ ಅಜ್ಜಿ ಎದುರಿಗೇ ನಿಂತಿದ್ದಳು.

"ಸೆರಗು ಹೊಚ್ಚಿಕೊಂಡು ಎಲ್ಲಿಗೆ ಹೊಂಟೀಯವಾ? ಕೊಡಾನೋ, ಕೂಸೋ?"

"ನೀರಿಗ್ರಿ ಅಜ್ಜಿ."

"ನಡಿ, ನಾನೂ ಬರ್ತೇನಿ. ಊರ ನೋಡಿದಂಗಾತು."

ಬೇಡವೆನ್ನುವಂತಿರಲಿಲ್ಲ. ಓಣಿ ದಾಟಿದೊಡನೆ ಮನೆಗಳ ಮಾಳಿಗೆಯ ಮೇಲೆ ಗೋಳಗುಮ್ಮಟ ಕಂಡಿತು. ಅಜ್ಜಿ ನಿಂತು ನೋಡಿದಳು.

"ಮ್ಯಾಲ ಹತ್ತೀಯೇನು? ಪಿಸುಮಾತೂ ಆ ಕಡಿಗೆ ಕೇಳಸ್ತೈತಂತಲ್ಲ?"

"ಇನ್ನೂ ಹತ್ತಿಲ್ರಿ."

"ಇದೇ ಊರಾಗಿದ್ದು?"

"ಹೊತ್ತು ಸಿಕ್ಕಿಲ್ರಿ."

ಬಾವಡಿಯ ಮೆಟ್ಟಿಲ ತುಂಬ ಹೆಂಗಸರು, ಕೊಡಗಳ ಸದ್ದು. ಬೀಗರು ಬಂದಿದ್ದಾರೆ, ಸ್ವಲ್ಪ ಬಿಡ್ರಿ ಎಂದೆ. ಮುಂದಿದ್ದವಳು ತಿರುಗಿದಳು. "ನಿನ್ನ ಬೀಗರು ಅಂದ್ರ ನಮಗೇನು ಬೇ? ನಮ್ಮ ಮನ್ಯಾಗ ಬಾಣಂತಿ ಕುಂತಾಳ!" ಅಜ್ಜಿ ಮೇಲಿನ ಮೆಟ್ಟಿಲಲ್ಲಿ ಕೂತು, "ಆಕೀ ಬೀಗತಿ ನಾನs ಅದೇನವಾ. ಬಾಣಂತಿಗೇ ಮೊದಲ ಒಯ್ಯಿ," ಎಂದಳು. ಹೆಂಗಸರು ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ.

ಸರದಿ ಬರುವವರೆಗೆ ಅಜ್ಜಿ ಇಳಿಯುವ, ಏರುವ ಕೊಡಗಳನ್ನು ಎಣಿಸುತ್ತ ಕೂತಳು. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದಳು: "ದಿನಾ ಹಿಂಗೇನು?"

ಹೌದೆಂದರೆ ಈ ಸಂಬಂಧವೂ ಮುರಿಯುತ್ತದೆ. ಅತ್ತೆ ನನ್ನ ಮುಖ ನೋಡುವುದಿಲ್ಲ. ಅಲ್ಲವೆಂದರೆ ನಾಳೆ ಆ ಹುಡುಗಿ ಇದೇ ಮೆಟ್ಟಿಲ ಮೇಲೆ ಕೊಡ ಹಿಡಿದು ನನ್ನನ್ನು ನೋಡುತ್ತಾಳೆ. ಹೊರಲು ಇನ್ನೊಬ್ಬಳು ಬಂದರೆ ನನಗೇ ಹಗುರ ಎಂಬ ಆಸೆಯೂ ಒಳಗಿತ್ತು.

"ಬ್ಯಾಸಗ್ಯಾಗ ದಿನಾ ಹಿಂಗs ರಿ. ಮಳಿಗಾಲಕ್ಕ ನಳದಾಗ ಬರ್ತೈತಿ."

ನಾನು ಕೊಡ ತುಂಬಿ ಹೊತ್ತೆ, ಅಜ್ಜಿ ಎದ್ದು ಮುಂದೆ ನಡೆದಳು. ಕೊಡದ ನೀರು ತುಳುಕಿ ನನ್ನ ಹೆಗಲು ನೆನೆಯಿತು.

ಅಡುಗೆಯಾಗಲು ಮಧ್ಯಾಹ್ನ ದಾಟಿತು. ಅತ್ತೆ ತಾಟುಗಳನ್ನು ಹಾಕಿ, "ಏಳ್ರಿ, ಕೈ ತೊಳಕೋರಿ," ಎಂದರು. ಸೋದರಮಾವ ಅಜ್ಜಿಯ ಮುಖ ನೋಡಿದ. ಮೈದುನ ಗೋಡೆ ನೋಡುತ್ತ ನಿಂತ. ಅಜ್ಜಿ ಹೊಸ್ತಿಲಿನ ಹತ್ತಿರ ಹೋಗಿ ಬಿಸಿಲು ನೋಡಿದಳು.

"ದಾರಿ ದೂರ ಐತ್ರಿ," ಎಂದಳು.

ಅತ್ತೆ ಹಾಕಿದ್ದ ತಾಟು ತೆಗೆಯಲು ಬಗ್ಗಿದರು.

"ಅದಕ್ಕs ಲಗೂನ ನೀಡ್ರಿ," ಎಂದು ಅಜ್ಜಿ ತಾಟಿನ ಮುಂದೆ ಕೂತಳು.

ಚಕ್ಕಡಿ ಹತ್ತುವಾಗ ಅವಳು ನನ್ನ ಕೈ ಹಿಡಿದು ಹೇಳಿದಳು: "ನಮ್ಮ ಹುಡುಗಿ ವಿಜಾಪುರ ವಿಜಾಪುರ ಅಂತ ಜೀವಾ ಬಿಡಾಕತ್ತಾಳ. ಹಳ್ಳಿಗೆ ಕೊಟ್ರ ಜೀವಮಾನಾ ನನ್ನ ಬೈತಾಳ. ಇವತ್ತ ನೋಡಿದ್ದೆಲ್ಲಾ ಹೇಳ್ತೇನಿ, ಆದ್ರ ನಂಬಾಕಿ ಅಲ್ಲ. ಮೊದಲಿನ ದಿನಾ ಆಕೀನ್ನ ಒಬ್ಬಾಕಿನ್ನ ನೀರಿಗೆ ಕಳಸಬ್ಯಾಡ, ನೀ ಜೋಡಿ ಹೋಗು."

ಹೂಂ ಎಂದೆ. ಅತ್ತೆಯ ಭಯ ಅಲ್ಲಿಗೆ ಮುಗಿಯಿತು, ನನ್ನದು ಶುರುವಾಯಿತು. ಆಸೆ ಹೊತ್ತು ಬರುವ ಹುಡುಗಿ, ಆ ಮೆಟ್ಟಿಲು, ನಸುಕಿನ ಕತ್ತಲು. ನನ್ನ ಮೊದಲ ದಿನ ಕೊಡ ಜಾರಿ ಒಡೆದಿತ್ತು, ಜೊತೆಗೆ ಯಾರೂ ಇರಲಿಲ್ಲ.

ಪಾತ್ರೆಗಳನ್ನು ಬೂದಿಯಲ್ಲಿ ತಿಕ್ಕಿ ಇಟ್ಟೆ. ಒಲೆ ಸಾರಿಸಿದೆ. ಹೊತ್ತು ಮುಳುಗುವ ಮುನ್ನ ಬಾಗಿಲಲ್ಲಿ ಕೂತು, ನನ್ನ ಹಳೆಯ ಇಳಕಲ್ ಸೀರೆಯ ಅಂಚು ಹರಿದು ಬಿಗಿಯಾಗಿ ಸುತ್ತಿ, ತಲೆಯ ಮೇಲೆ ಕೊಡ ಅಲುಗದೆ ನಿಲ್ಲುವಂಥ ಸಿಂಬಿಯೊಂದನ್ನು ಬರುವವಳಿಗೆಂದು ಹೊಸದಾಗಿ ಹೊಲಿದು ಮುಗಿಸಿದೆ.